ಹೇಮಾವತಿಗೆ ಮರಳಿ ಬಿಟ್ಟ ಮೀನು

ಗಾಳ ಹಾಕುವುದನ್ನು ನೋಡಲು ಬಂದಿದ್ದ ನಾನು ಈಗ ಹಾನುಬಾಳಿನ ಚಹಾ ಅಂಗಡಿಯಲ್ಲಿ ಕುಳಿತಿದ್ದೇನೆ. ಮುಂದಿಟ್ಟ ಚಹಾ ಕುಡಿಯದೆ ತಣ್ಣಗಾಗಿದೆ. ಎದುರು ಬೆಂಚಿನಲ್ಲಿ ಯಾರದೋ ಲುಂಗಿ ಸುತ್ತಿಕೊಂಡು ಬಿಸಿ ಬೋಂಡಾ ತಿನ್ನುತ್ತಿರುವ ಪುಟ್ಟಸ್ವಾಮಿ ಸ್ವಲ್ಪ ಹೊತ್ತಿನ ಹಿಂದೆ ನನ್ನ ಕಣ್ಣೆದುರೇ ಹೇಮಾವತಿಯಲ್ಲಿ ಮುಳುಗಿದ್ದ.

ಮಹಶೀರ್ ಮೀನು ಕಡಿಮೆಯಾಗುತ್ತಿದೆ, ಗಾಳಕ್ಕೆ ಸಿಕ್ಕರೂ ಬಿಟ್ಟುಬಿಡಬೇಕು ಎಂಬುದು ಇಲ್ಲಿನ ನಿಯಮ. ಬೆಳಿಗ್ಗೆ ದಡದಲ್ಲಿ ಆ ನಿಯಮವನ್ನು ಎಲ್ಲರಿಗಿಂತ ಜೋರಾಗಿ ಬೈದವನು ಇವನೇ. "ಸಾರಿಗೆ ಹಾಕ್ದಿರೋ ಮೀನ್ನ ಹಿಡಿಯೋದ್ಯಾಕೆ ಮಾರಾಯ, ಮನೇಲಿ ಕೂತು ಫೋಟೊ ನೋಡಿದ್ರೆ ಆಗಲ್ವಾ?"

ಮಧ್ಯಾಹ್ನ ಇವನಿಗೇ ದೊಡ್ಡ ಮಹಶೀರ್ ಸಿಕ್ಕಿತು. ಗಾಳ ಬಿಡಿಸುವಷ್ಟರಲ್ಲಿ ಅದು ಸುಸ್ತಾಗಿ ಮಗ್ಗುಲಿಗೆ ವಾಲಿತು. ಹಾಗೇ ಬಿಟ್ಟರೆ ಸಾಯುತ್ತದಂತೆ. ಪುಟ್ಟಸ್ವಾಮಿ ಬೈಯುತ್ತಲೇ ಎದೆಮಟ್ಟದ ನೀರಿಗಿಳಿದು, ಮೀನು ಉಸಿರಾಡಲಿ ಎಂದು ಅದರ ಬಾಯನ್ನು ಸೆಳವಿಗೆ ಎದುರಾಗಿ ಹಿಡಿದು ನಿಂತ. ಪಾಚಿಗಲ್ಲಿನ ಮೇಲೆ ಕಾಲು ಜಾರಿತು. ತಲೆ ಕಾಣಲಿಲ್ಲ. ಆಮೇಲೆ ಒಂದು ಕೈ ಮೇಲೆದ್ದಿತು. ಅವನ ಗೆಳೆಯ ಧರ್ಮಪ್ಪ ಅದನ್ನು ಹಿಡಿದು ಎಳೆದ. ಕಣ್ಣು ಮುಚ್ಚಿದರೆ ನನಗೆ ಈಗಲೂ ಆ ಕೈಯೇ ಕಾಣುತ್ತದೆ.

"ರೂಲ್ಸ್ ಬೈದೋನೇ ರೂಲ್ಸಿಗೆ ಪ್ರಾಣ ಕೊಡಾಕೆ ಹೋಗ್ಬುಟ್ಟ ಕಣ್ರೀ!" ಅಂಗಡಿಯಲ್ಲಿ ಅವನ ಪಕ್ಕವೇ ಕುಳಿತಿದ್ದ ಧರ್ಮಪ್ಪ ನಕ್ಕ.

"ರೂಲ್ಸ್ ಅತ್ಲಾಗಿರ್ಲಿ, ಕೈಯಲ್ಲೇ ಸಾಯಾಕೆ ಬಿಡಾಕಾಯ್ತದಾ?" ಎಂದ ಪುಟ್ಟಸ್ವಾಮಿ, ನನ್ನತ್ತ ತಿರುಗಿದ. "ಸಾರ್, ನೀವು ದಡದಲ್ಲೇ ಇದ್ರಲ್ಲ, ಮೀನು ಈಜ್ಕೊಂಡು ಹೋಯ್ತಾ?"

"ನಾನು ನಿಮ್ಮನ್ನೇ ನೋಡುತ್ತಿದ್ದೆ" ಎಂದೆ.

ಅವನು ಹಣೆ ಚಚ್ಚಿಕೊಂಡ. "ಅಯ್ಯೋ ಮಾರಾಯ್ರೆ, ಅಂಥಾ ಮೀನು ಬುಟ್ಟು ನನ್ನ ಮುಖ ಯಾಕ್ರೀ ನೋಡ್ತಿದ್ರಿ?"