ಮೊಳೆ ಅಕ್ಕನ ಎಂ.ಎ.

ಐವತ್ತೊಂದನೇ ವಯಸ್ಸಿನಲ್ಲಿ ಎಂ.ಎ.ಗೆ ಸೇರುವ ಬುದ್ಧಿ ಅವಳಿಗೆ ಯಾಕೆ ಬಂತು ಎಂದು ಕೇಳಿದರೆ ಅವಳ ಗಂಡ ಒಂದೇ ಮಾತು ಹೇಳುತ್ತಾನೆ: "ಹೊಟ್ಟೆಕಿಚ್ಚು." ಬಸ್ ಓಡಿಸುವ ಮನುಷ್ಯ, ಕೆಲಸದಲ್ಲಿ ಸುತ್ತುವುದು ಸಾಕಾಗಿ ಮಾತಿನಲ್ಲಿ ಸುತ್ತುವುದಿಲ್ಲ.

ಮಾತು ನಿಜವೇ. ಇಪ್ಪತ್ತನಾಲ್ಕು ವರ್ಷ ಊರಿನ ಕಲಾ ಮ್ಯೂಸಿಯಮ್ಮಿನಲ್ಲಿ ಚಿತ್ರಗಳನ್ನು ನೇತುಹಾಕಿದವಳು ಅವಳು. ಕೈಯಲ್ಲಿ ಸುತ್ತಿಗೆ, ಬಾಯಲ್ಲಿ ನಾಲ್ಕು ಮೊಳೆ, ಜೇಬಿನಲ್ಲಿ ರಸಮಟ್ಟ. ಅದರ ಗಾಜಿನ ಕೊಳವೆಯೊಳಗಿನ ಗುಳ್ಳೆ ನಡುವೆ ಬಂದು ನಿಂತರೆ ಚೌಕಟ್ಟು ಸಮವಾಗಿದೆ ಎಂದರ್ಥ. ಚಿತ್ರದ ನಡುಭಾಗ ನೆಲದಿಂದ ಐವತ್ತೆಂಟು ಇಂಚು ಮೇಲಿರಬೇಕು ಎಂಬುದು ಅಲ್ಲಿನ ನಿಯಮ. ಅವಳು ಟೇಪು ಹಿಡಿಯದೆ ಕಣ್ಣಂದಾಜಿನಲ್ಲಿ ಹೊಡೆದ ಮೊಳೆಯೂ ಅರ್ಧ ಇಂಚು ಆಚೀಚೆ ಆಗುತ್ತಿರಲಿಲ್ಲ. ಹೀಗಿರುವಾಗ ಇಪ್ಪತ್ತೈದರ ಹೊಸ ಸಹಾಯಕ ಕ್ಯುರೇಟರ್ ಬಂದ. ಯಾವ ಚಿತ್ರ ಯಾವ ಗೋಡೆಗೆ, ಯಾವುದರ ಪಕ್ಕ ಯಾವುದು, ಪಕ್ಕದ ಫಲಕದಲ್ಲಿ ಏನು ಬರೆಯಬೇಕು ಎಂದು ತೀರ್ಮಾನಿಸುವವನು ಕ್ಯುರೇಟರ್. ಈ ಪುಣ್ಯಾತ್ಮ ಮೊದಲ ದಿನವೇ, "ಮೇಡಂ, ಮೊಳೆ ಹೊಡೆಯೋದನ್ನ ಗೋಡೆ ಜೊತೆ ಒಂದು ಸಂವಾದ ಅಂದ್ಕೊಳ್ಳಿ" ಎಂದ. ಅವಳು ಬಾಯಲ್ಲಿದ್ದ ಮೊಳೆಗಳನ್ನು ಒಂದೊಂದಾಗಿ ತೆಗೆದಿಟ್ಟಳು. ನೇರ ಆಫೀಸಿಗೆ ಹೋಗಿ, ಇವನ ಕುರ್ಚಿಯಲ್ಲಿ ಕೂರಬೇಕಾದರೆ ಏನು ಓದಿರಬೇಕು ಎಂದು ಕೇಳಿದಳು.

ಆಧುನಿಕ ಮತ್ತು ಸಮಕಾಲೀನ ಕಲಾ ಇತಿಹಾಸ ಹಾಗೂ ಕ್ಯುರೇಟಿಂಗ್ ವಿಷಯದಲ್ಲಿ ಎಂ.ಎ. ಎರಡು ವರ್ಷ. ಹುದ್ದೆಗೆ ವಯಸ್ಸಿನ ಮಿತಿ ಐವತ್ತಮೂರು. ಅಂದರೆ ಇರುವುದು ಒಂದೇ ಅವಕಾಶ, ಒಂದು ಪೇಪರ್ ಹೋದರೂ ಎಲ್ಲ ಗೋವಿಂದ.

ತರಗತಿಯಲ್ಲಿ ಒಟ್ಟು ಏಳು ಜನ. ಉಳಿದ ಆರೂ ಮಂದಿ ಅವಳ ಮಗಳಿಗಿಂತ ಚಿಕ್ಕವರು. ಅವರೇ ಅವಳಿಗೆ ಮೊಳೆ ಅಕ್ಕ ಎಂದು ಹೆಸರಿಟ್ಟರು. ಓದಲು ಕೊಟ್ಟ ಲೇಖನಗಳಲ್ಲಿ ಒಂದು ವಾಕ್ಯ ಸೋಮವಾರ ಶುರುವಾದರೆ ಗುರುವಾರ ಮುಗಿಯುತ್ತಿತ್ತು. ಸಂಜೆ ಅವಳು ಪಾತ್ರೆ ತೊಳೆಯುವಾಗ ಗಂಡ ಅವನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದ, ಪುಟದ ಕೊನೆಯಲ್ಲಿ ಬ್ರೇಕ್ ಹಾಕಿ "ಇಳಿಯೋರು ಇಳ್ಕೊಳ್ಳಿ" ಎನ್ನುತ್ತಿದ್ದ. ಆದರೂ ಅವಳು ಹಲ್ಲು ಕಚ್ಚಿ ಓದಿದಳು. ಮೂರು ಪರೀಕ್ಷೆ ಪಾಸಾದಳು. ಒಂದರಲ್ಲಿ ತರಗತಿಗೇ ಮೊದಲು ಬಂದಳು, ಆ ದಿನ ಗಂಡ ಬಸ್ಸಿನಲ್ಲಿ ಹತ್ತಿದವರಿಗೆಲ್ಲ ಅದನ್ನೇ ಹೇಳಿದನಂತೆ.

ವಿಭಾಗದ ಮುಖ್ಯಸ್ಥರು ಮೇಷ್ಟ್ರು, ಮ್ಯೂಸಿಯಮ್ಮಿನ ಸಮಿತಿಗೂ ಅವರೇ ಅಧ್ಯಕ್ಷರು. ಬಿಳಿ ಗಡ್ಡ, ಹಣೆಯ ಮೇಲೆ ಕನ್ನಡಕ, ಅದನ್ನೇ ಮನೆಯೆಲ್ಲ ಹುಡುಕುವ ಜಾತಿ. ಅವರನ್ನು ದೊಡ್ಡ ಮನುಷ್ಯರನ್ನಾಗಿ ಮಾಡಿದ್ದು ಮ್ಯೂಸಿಯಮ್ಮಿನ ಒಂದು ಚಿತ್ರದ ಬಗ್ಗೆ ಅವರು ಬರೆದ ಪ್ರಬಂಧ. ಮೇಲಿನಿಂದ ಕೆಳಕ್ಕೆ ಜೋತುಬಿದ್ದ ದೊಡ್ಡ ಕಪ್ಪು ಆಕಾರ, ಅದರ ಮೇಲ್ತುದಿಯಲ್ಲಿ ಎರಡು ಮಸುಕು ಚುಕ್ಕೆ, ಕೆಳಗೆ ಖಾಲಿ ಹಳದಿ. ಕಲಾವಿದೆ ಹೆಸರೇನೂ ಇಟ್ಟಿರಲಿಲ್ಲ, ಮೇಷ್ಟ್ರೇ 'ಇಳಿದು ಬರುವ ಕತ್ತಲು' ಎಂದು ಇಟ್ಟರು. ಆ ಎರಡು ಚುಕ್ಕೆಗಳು ನಾಶದ ಅಂಚಿನಲ್ಲೂ ಆರದ ನಕ್ಷತ್ರಗಳು ಎಂದು ಹನ್ನೊಂದು ಪುಟ ಬರೆದರು. ತರಗತಿಯಲ್ಲಿ ವಾರಕ್ಕೊಮ್ಮೆಯಾದರೂ ಆ ನಕ್ಷತ್ರಗಳು ಮಿನುಗದೆ ಇರುತ್ತಿರಲಿಲ್ಲ. "ಕಲಾವಿದರು ಏನಂದ್ಕೊಂಡ್ರು ಅನ್ನೋದು ಮುಖ್ಯ ಅಲ್ಲ, ನೋಡೋನಿಗೆ ಏನು ಕಾಣ್ಸುತ್ತೆ ಅನ್ನೋದೇ ಮುಖ್ಯ" ಎಂಬುದು ಅವರ ಮಂತ್ರ.

ಕೊನೆಯ ಪರೀಕ್ಷೆ ಬರೆಯುವುದಲ್ಲ, ಮಾಡಿ ತೋರಿಸುವುದು. ಪ್ರತಿಯೊಬ್ಬರೂ ಮ್ಯೂಸಿಯಮ್ಮಿನ ಒಂದು ಕೋಣೆಯಲ್ಲಿ ಪ್ರದರ್ಶನ ಜೋಡಿಸಬೇಕು, ಮೇಷ್ಟ್ರು ಬಂದು ಅಂಕ ಹಾಕುತ್ತಾರೆ. ಮೊಳೆ ಅಕ್ಕ ಆರಿಸಿಕೊಂಡ ಐದು ಚಿತ್ರಗಳಲ್ಲಿ ಮೇಷ್ಟ್ರ ಕತ್ತಲೂ ಒಂದು. ಸ್ವಲ್ಪ ಬೆಣ್ಣೆ ಹಚ್ಚಿದರೆ ತಪ್ಪೇನು ಎಂಬ ಲೆಕ್ಕಾಚಾರ ಇರಲಿಲ್ಲ ಎಂದರೆ ಅದು ಸುಳ್ಳು.

ಚಿತ್ರವನ್ನು ಉಗ್ರಾಣದ ಮೇಜಿನ ಮೇಲೆ ಬೋರಲು ಮಲಗಿಸಿದಾಗ ಹಿಂಬದಿಯಲ್ಲಿ ಚಿತ್ರದ ವಿವರ ಬರೆದು ಅಂಟಿಸಿದ ಚೀಟಿ ಅಂಟು ಒಣಗಿ ಜೋತಾಡುತ್ತಿತ್ತು. ಬೆರಳು ತಾಕಿಸಿದ್ದೇ ತಡ, ಕಳಚಿ ಬಂತು. ಕೆಳಗೆ ಇದ್ದಿಲಿನಲ್ಲಿ ಎಳೆದ ಒಂದು ಬಾಣ, ಪಕ್ಕದಲ್ಲಿ ಕಲಾವಿದೆಯ ಕೈಬರಹದಲ್ಲಿ 'ಮೇಲೆ' ಎಂಬ ಪದ. ಬಾಣದ ಮೊನೆ ಚೀಟಿಯ ಬುಡದ ಕಡೆಗಿತ್ತು.

ಚೀಟಿಯ ಮೇಲಿನ ಅಕ್ಷರ ಮೊಳೆ ಅಕ್ಕನದೇ.

ಅವಳಿಗೆ ಎಲ್ಲ ನೆನಪಾಯಿತು. ಕೆಲಸಕ್ಕೆ ಸೇರಿದ ಎರಡನೇ ವಾರ. ಚಿತ್ರ ಇದೇ ಮೇಜಿನ ಮೇಲೆ ಬೋರಲು ಮಲಗಿತ್ತು, ಅವಳು ಮೇಜಿನ ಆಚೆ ಬದಿಯಲ್ಲಿ ನಿಂತು, ತನಗೆ ನೇರವಾಗಿ ಕಾಣುವಂತೆ ಚೀಟಿ ಅಂಟಿಸಿದ್ದಳು, ಅದೂ ಬಾಣವನ್ನು ಗಮನಿಸದೆ ಅದರ ಮೇಲೆಯೇ. ಕೆಲಸ ಕಲಿಸಿದ ಹಿರಿಯನ ಮೊದಲ ಪಾಠವೇ ಇದು: "ಈ ಆಧುನಿಕ ಚಿತ್ರಗಳಲ್ಲಿ ತಲೆ ಯಾವುದು ಬುಡ ಯಾವುದು ಅಂತ ನೋಡೋಕೆ ಹೋಗ್ಬೇಡ, ಹುಚ್ಚು ಹಿಡಿಯುತ್ತೆ. ಚೀಟಿ ನೋಡು, ನೇತುಹಾಕು." ಚೀಟಿ ನೋಡಿದಳು, ನೇತುಹಾಕಿದಳು. ಅರ್ಧ ಇಂಚು ತಪ್ಪದ ಕೈ ಒಂದಿಡೀ ಚಿತ್ರವನ್ನೇ ಇಪ್ಪತ್ತಾರು ವರ್ಷ ಬುಡಮೇಲು ನಿಲ್ಲಿಸಿತ್ತು. ಅವಳಿಗೆ ನಾಚಿಕೆಯಾಯಿತು, ಅಳುವೂ ಬಂತು, ಜೊತೆಗೆ ಆ ನಕ್ಷತ್ರಗಳು ನೆನಪಾಗಿ ತಡೆಯಲಾರದ ನಗುವೂ ಬಂತು.

ಮರುದಿನ ಕಲಾವಿದೆಯ ಮನೆಗೆ ಹೋದಳು. ಎಪ್ಪತ್ತರ ಹತ್ತಿರದ ಹೆಂಗಸು, ಮೂರನೇ ಮಹಡಿ, ಬಣ್ಣದ ಕಲೆಯಾದ ಚಪ್ಪಲಿ. ಮೊಳೆ ಅಕ್ಕ ಕೂರುವುದಕ್ಕೂ ಮುಂಚೆ ತಪ್ಪೊಪ್ಪಿಕೊಂಡಳು.

"ಗೊತ್ತು ಕಣಮ್ಮ," ಎಂದಳು ಕಲಾವಿದೆ. "ಉದ್ಘಾಟನೆ ದಿನವೇ ನೋಡಿದೆ."

"ಮತ್ತೆ ಹೇಳ್ಲಿಲ್ಲ ಯಾಕೆ ಮೇಡಂ?"

"ಹೇಗೆ ಹೇಳ್ಲಿ? ನಿಮ್ಮ ಮೇಷ್ಟ್ರು, ಆಗಿನ್ನೂ ಗಡ್ಡ ಕಪ್ಪಗಿತ್ತು, ಚಿತ್ರದ ಮುಂದೆ ನಿಂತು ಕಣ್ಣೀರು ಹಾಕ್ತಾ ಭಾಷಣ ಮಾಡ್ತಿದ್ರು. ಮ್ಯೂಸಿಯಂ ನನ್ನದೊಂದು ಚಿತ್ರ ತಗೊಂಡಿದ್ದು ಅದೇ ಮೊದಲು. ಬಾಯಿಬಿಟ್ರೆ ಎಲ್ಲಿ ವಾಪಸ್ ಕಳಿಸ್ತಾರೋ ಅಂತ ಭಯ. ಆಮೇಲೆ ಬಂದೋರೆಲ್ಲ ಕತ್ತಲು ಬೇಕು ಕತ್ತಲು ಬೇಕು ಅಂದ್ರು. ನಾನೂ ಇಪ್ಪತ್ತು ಕತ್ತಲು ಬರೆದುಕೊಟ್ಟೆ."

"ನಿಜವಾಗ್ಲೂ ಅದೇನು ಮೇಡಂ?"

"ನಮ್ಮಮ್ಮ. ಕಪ್ಪು ಶಾಲು ಹೊದ್ದು ಬಾಗಿಲಲ್ಲಿ ಕೂತಿದ್ಲು, ನನಗೆ ಬೆನ್ನು ಹಾಕ್ಕೊಂಡು. ಆ ಎರಡು ಚುಕ್ಕೆ ಅವಳ ಹಿಮ್ಮಡಿ. ಅವಳು ತೀರ್ಕೊಂಡ್ಮೇಲೆ ಒಂದ್ಸಲ ಚಿತ್ರದಲ್ಲಾದ್ರೂ ನೋಡ್ಬೇಕು ಅನ್ನಿಸ್ತು. ಹೋಗ್ಲಿಲ್ಲ. ತಲೆಕೆಳಗಾಗಿ ನೇತಾಡೋ ಅಮ್ಮನ್ನ ನೋಡೋಕೆ ಯಾರು ಹೋಗ್ತಾರೆ ಹೇಳು?"

ಮೊಳೆ ಅಕ್ಕ ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದಳು. ಅವನು ನೇರವಾಗಿ ಕೇಳಿದ: "ಹಾಗೇ ಬಿಟ್ರೆ ಯಾರಿಗಾದ್ರೂ ಗೊತ್ತಾಗುತ್ತಾ?" ಇಲ್ಲ ಎಂದಳು. "ತಿರುಗಿಸಿದ್ರೆ ಎಂ.ಎ. ಸಿಗುತ್ತಾ?" ಅದಕ್ಕೂ ಇಲ್ಲ ಎಂದಳು. "ಹಾಗಾದ್ರೆ ನನ್ನನ್ನೇನು ಕೇಳ್ತೀಯ, ನೀನು ಆಗಲೇ ತಿರುಗಿಸಿ ಆಯ್ತು" ಎಂದು ಅವನು ಮಗ್ಗುಲು ಬದಲಿಸಿದ.

ಪರೀಕ್ಷೆಯ ದಿನ ಮೇಷ್ಟ್ರು ಕೋಣೆಗೆ ಬಂದು, ಚಿತ್ರ ನೋಡಿ, ಹಣೆಯ ಕನ್ನಡಕ ಮೂಗಿಗೆ ಇಳಿಸಿ ಮತ್ತೊಮ್ಮೆ ನೋಡಿದರು.

"ಇದನ್ನ ತಲೆಕೆಳಗು ಮಾಡಿದ್ದು ಯಾರು?"

"ಯಾವಾಗ ಸರ್? ಇಪ್ಪತ್ತಾರು ವರ್ಷದ ಹಿಂದೆಯಾದ್ರೆ ನಾನು. ಇವತ್ತು ನೆಟ್ಟಗೆ ಮಾಡಿದ್ದೂ ನಾನೇ."

ಪಕ್ಕದ ಫಲಕದಲ್ಲಿ ಅವಳು ನಾಲ್ಕೇ ಸಾಲು ಬರೆದಿದ್ದಳು: ಕಲಾವಿದೆಯ ತಾಯಿ, ಬಾಗಿಲಲ್ಲಿ ಕೂತಿರುವುದು. ಇದುವರೆಗೆ ತಲೆಕೆಳಗಾಗಿ ತೂಗಿತ್ತು. ತಪ್ಪು ತೂಗುಹಾಕಿದವಳದು. ಚೀಟಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ನೋಡಬಹುದು.

ಮೇಷ್ಟ್ರ ಮುಖ ಕೆಂಪಾಯಿತು. ತಾಯಿ ಎಂಬುದು ಕಲಾವಿದೆಯ ಖಾಸಗಿ ವಿಚಾರ, ಕತ್ತಲು ಕಲೆಯ ಇತಿಹಾಸ, ವಿದ್ಯಾರ್ಥಿಯೊಬ್ಬಳಿಗೆ ಇತಿಹಾಸ ತಿರುಗಿಸುವ ಹಕ್ಕಿಲ್ಲ ಎಂದರು. "ಅವು ಹಿಮ್ಮಡಿ ಸರ್" ಎಂದಳು ಅವಳು. "ಹಿಮ್ಮಡಿ ಆಗಿದ್ರೂ ನಕ್ಷತ್ರವೇ!" ಎಂದು ಮೇಷ್ಟ್ರು ಕೂಗಿದರು. ಕೊನೆಗೆ ದನಿ ತಗ್ಗಿಸಿ, "ನೋಡಮ್ಮ, ಉಳಿದ ನಾಲ್ಕು ಚಿತ್ರ ಚೆನ್ನಾಗಿ ಜೋಡಿಸಿದ್ದೀಯ. ಸಂಜೆ ಐದಕ್ಕೆ ಮತ್ತೆ ಬರ್ತೀನಿ. ಅಷ್ಟರಲ್ಲಿ ಮೊದಲಿನ ಹಾಗೆ ಇದ್ರೆ ಪಾಸು. ಇಲ್ದಿದ್ರೆ ನನ್ನ ಕೈಯಲ್ಲಿ ಏನೂ ಇಲ್ಲ" ಎಂದು ಹೋದರು. ಅವರ ಕೈಯಲ್ಲಿ ಅಂಕಪಟ್ಟಿಯೇ ಇತ್ತು.

ನಾಲ್ಕು ಗಂಟೆಗೆ ಕಲಾವಿದೆ ಬಂದಳು. ಮೊಳೆ ಅಕ್ಕ ಫೋನು ಮಾಡಿ ಕರೆದಿದ್ದಳು, ಆದರೆ ಬರುತ್ತಾಳೆಂದು ನಂಬಿರಲಿಲ್ಲ. ಕಲಾವಿದೆ ಚಿತ್ರದ ಮುಂದೆ ನಿಂತಳು, ಆಮೇಲೆ ಬೆಂಚಿನ ಮೇಲೆ ಕೂತಳು. "ಇಷ್ಟು ಸಣ್ಣಗಿದ್ಲಾ ನಮ್ಮಮ್ಮ!" ಎಂದಳು.

ಬಾಗಿಲಲ್ಲಿದ್ದ ಮೊಳೆ ಅಕ್ಕನ ಸಹಪಾಠಿಗಳು ತಡೆಯಲಾರದೆ ಮೇಷ್ಟ್ರ ಷರತ್ತನ್ನು ಕಲಾವಿದೆಗೆ ಹೇಳಿಬಿಟ್ಟರು. ಕಲಾವಿದೆ ತಿರುಗಿ ನೋಡಿದಳು.

"ತಿರುಗಿಸಿಬಿಡಮ್ಮ. ನಾನು ಮೇಲೆ ಬರೋಕೆ ಅಂತ ಇಪ್ಪತ್ತಾರು ವರ್ಷ ತಲೆಕೆಳಗಾಗಿ ನಿಂತೋಳು ಅವಳು. ನಿನ್ನ ಓದಿಗೆ ಇನ್ನೊಂದು ದಿನ ನಿಂತ್ಕೊಳ್ತಾಳೆ. ಬೇಜಾರು ಮಾಡ್ಕೊಳ್ಳಲ್ಲ."

ಮೊಳೆ ಅಕ್ಕನಿಗೆ ದುಃಖ ಉಕ್ಕಿ ಬಂತು. ಎರಡು ವರ್ಷ ಓದಿದ್ದು, ಗಂಡ ಸಂಜೆಯೆಲ್ಲ ಓದಿ ಹೇಳಿದ್ದು, ಆ ಕುರ್ಚಿ, ಎಲ್ಲ ಅವಳಿಗೆ ಬೇಕಿತ್ತು, ತುಂಬಾ ಬೇಕಿತ್ತು.

"ಆವತ್ತು ಗೊತ್ತಿಲ್ದೆ ಮಾಡಿದೆ ಮೇಡಂ," ಎಂದಳು. "ಇವತ್ತು ಗೊತ್ತಿದ್ದೂ ಮಾಡಿದ್ರೆ ನನ್ನ ಕೈ ನನಗೇ ಬೇಡವಾಗುತ್ತೆ."

ಐದಕ್ಕೆ ಸರಿಯಾಗಿ ಮೇಷ್ಟ್ರು ಬಂದರು. ಅವಳು ಬಾಗಿಲಿಗೆ ಅಡ್ಡ ನಿಂತಳು.

"ಸ್ವಲ್ಪ ಆಮೇಲೆ ಬನ್ನಿ ಸರ್. ಒಳಗೆ ತಾಯಿ ಮಗಳು ಕೂತಿದ್ದಾರೆ."

ಮೇಷ್ಟ್ರು ಅವಳ ಭುಜದ ಮೇಲಿಂದ ಒಳಗೆ ಬಗ್ಗಿ ನೋಡಿದರು. ಬೆಂಚಿನ ಮೇಲಿನ ಮುದುಕಿಯನ್ನೂ ಗೋಡೆಯ ಮೇಲಿನ ಬೆನ್ನನ್ನೂ ನೋಡಿದರು. ಒಳಗೆ ಕಾಲಿಡಲಿಲ್ಲ. ಅಂಕಪಟ್ಟಿಯನ್ನು ಬಾಗಿಲ ಪಕ್ಕದ ಗೋಡೆಗೆ ಒತ್ತಿ ಹಿಡಿದು ಫೇಲ್ ಎಂದು ಬರೆದು ಸಹಿ ಹಾಕಿ ಹೋದರು.

ಆ ಕುರ್ಚಿ ಅವಳಿಗೆ ಸಿಗಲಿಲ್ಲ. ಆ ಹುಡುಗ ಕ್ಯುರೇಟರ್ ಇನ್ನೂ ಅದರಲ್ಲೇ ಇದ್ದಾನೆ. ಚಿತ್ರವನ್ನು ಮೊದಲಿನಂತೆ ತೂಗುಹಾಕಬೇಕು ಎಂಬ ಆದೇಶ ಇದುವರೆಗೆ ಮೂರು ಸಲ ಬಂದಿದೆ, ಮೂರಕ್ಕೂ ಮೇಷ್ಟ್ರ ಸಹಿ ಇದೆ. ಆದರೆ ಆ ಮ್ಯೂಸಿಯಮ್ಮಿನಲ್ಲಿ ಚಿತ್ರ ತೂಗುಹಾಕುವುದು ಗೊತ್ತಿರುವವಳು ಮೊಳೆ ಅಕ್ಕ ಒಬ್ಬಳೇ, ಮತ್ತು ಅವಳಿಗೆ ಈಗ ತುಂಬಾ ಕೆಲಸವಂತೆ.