ಉತ್ತರದ ಕಡೆಯ ಹಲಗೆ

ನಮ್ಮ ಟ್ರೇಲರ್ ಪಾರ್ಕಿನಲ್ಲಿ ಎಲ್ರಾಯ್ ಸ್ಯಾಂಡ್ವಿಕ್ ಎಂದರೆ ಅರ್ಧ ಜನಕ್ಕೆ ಗೊತ್ತಾಗುವುದಿಲ್ಲ, ‘ಲಂಗದ ಎಲ್ರಾಯ್’ ಎನ್ನಬೇಕು. ಗಾಲಿಯ ಮೇಲೆ ಬಂದು ಕಲ್ಲಿನ ಮೇಲೆ ಕೂತ ಮನೆಗಳು ನಮ್ಮವು. ನೆಲಕ್ಕೂ ಮನೆಗೂ ನಡುವೆ ಮೊಣಕಾಲೆತ್ತರದ ಖಾಲಿ ಜಾಗ. ಅದಕ್ಕೆ ಸುತ್ತ ಪ್ಲಾಸ್ಟಿಕ್ ಹಲಗೆಯ ಲಂಗ ತೊಡಿಸದಿದ್ದರೆ ಉತ್ತರ ಡಕೋಟಾದ ಚಳಿಗಾಳಿ ಒಂದೇ ದಿನದಲ್ಲಿ ನೀರಿನ ಕೊಳವೆ ಹೆಪ್ಪುಗಟ್ಟಿಸಿ ಒಡೆದುಹಾಕುತ್ತದೆ. ಮೂವತ್ತು ವರ್ಷದಿಂದ ಆ ಹಲಗೆಗಳಿಗೆ ಎಲ್ರಾಯ್‌ನೇ ದಿಕ್ಕು.

ಅವನ ಬಾಯಿಯೋ, ಅಬ್ಬಬ್ಬಾ! “ಹುಲ್ಲು ಹೊಡೆಯೋ ಮೆಷಿನ್ ಹಲಗೆ ಹತ್ರ ತಂದ್ರೆ ನೋಡು, ಅದರ ತಿರುಗೋ ದಾರ ತಾಗಿದ್ರೆ ಬಿರುಕೇ. ಸುತ್ತ ಒಂದಡಿ ಜಲ್ಲಿ ಹಾಕು ಅಂತ ಎಷ್ಟು ಸಲ ಬಡ್ಕೊಳ್ಳಲಿ? ಹಿಮ ಎತ್ತಿ ಹಲಗೆ ಮೇಲೆ ಒಟ್ಟಬೇಡ. ಮೇಲ್ಗಡೆ ಎರಡು ಬೆರಳು ಸಂದು ಬಿಡು. ಚಳೀಲಿ ನೆಲ ಉಬ್ಬತ್ತೆ ಮಾರಾಯ್ತಿ, ಬಿಗಿ ಮಾಡಿದ್ರೆ ಹಲಗೆ ಸಿಡಿದು ಈಚೆಗೆ ಬೀಳತ್ತೆ.” ಇದನ್ನು ನನಗೆ ನೂರು ಸಲ ಹೇಳಿದ್ದಾನೆ.

ಇನ್ನೊಂದು ವಿಚಿತ್ರ ಅಭ್ಯಾಸವಿತ್ತು. ಕೊನೆಯ ಹಲಗೆ ಮುಚ್ಚುವ ಮೊದಲು ಹೊಟ್ಟೆಯ ಮೇಲೆ ಮಲಗಿ, ಮನೆಯಡಿಯ ತೊಲೆಗೆ ಮೂರು ಸಲ ಬಡಿದು, “ಯಾರಾದ್ರೂ ಇದ್ದೀರಾ? ಹೊರಗೆ ಬನ್ನಿ” ಎಂದು ಕೂಗುತ್ತಿದ್ದ. ಆಮೇಲೆ ನೂರರ ತನಕ ಎಣಿಸುತ್ತಿದ್ದ. “ನಮ್ಮತ್ತೆ ಇದಾಳೆ, ಸುಮ್ನೆ ಮುಚ್ಚಿಬಿಡು!” ಎಂದು ಗಂಡಸರು ನಗಾಡಿದರೂ ಅವನು ನಕ್ಕಿದ್ದನ್ನು ನಾನು ಕಾಣೆ. ಈ ಅಭ್ಯಾಸ ಮೊದಲಿನಿಂದ ಇದ್ದದ್ದಲ್ಲ. ಹನ್ನೊಂದು ವರ್ಷದ ಹಿಂದೆ, ಅವನ ಹೆಂಡತಿ ಏವಿಸ್‌ಳ ಬೆಕ್ಕು ಟಿಲ್ಲಿ ಕಾಣೆಯಾದ ಚಳಿಗಾಲದ ನಂತರ ಶುರುವಾದದ್ದು.

ಕಳೆದ ಮಾರ್ಚಿನಲ್ಲಿ ಏವಿಸ್ ತೀರಿಕೊಂಡಳು. ನವೆಂಬರ್ ಬಂತು. ಪಾರ್ಕಿನ ಮ್ಯಾನೇಜರ್ ಕರ್ಟಿಸ್ ಮನೆ ಮನೆ ಸುತ್ತಿ, ಹಲಗೆ ಕಿತ್ತುಹೋದವರ ಬಾಗಿಲಿಗೆ ಚೀಟಿ ಅಂಟಿಸಿದ: ಶುಕ್ರವಾರ ಮಧ್ಯಾಹ್ನದೊಳಗೆ ಮುಚ್ಚಬೇಕು, ಇಲ್ಲವೇ ಜಾಗ ಖಾಲಿ ಮಾಡಬೇಕು. ಆ ಚೀಟಿ ಅಂಟಿದ್ದು ಯಾರ ಬಾಗಿಲಿಗೆ? ಲಂಗದ ಎಲ್ರಾಯ್‌ನ ಬಾಗಿಲಿಗೆ! ಐವತ್ತು ವರ್ಷದ ಮನೆ ಅದು. ಎತ್ತಿದರೆ ಎರಡು ತುಂಡು. ಅಂಥ ಮುದಿ ಟ್ರೇಲರನ್ನು ಬೇರೆ ಯಾವ ಪಾರ್ಕೂ ಒಳಗೆ ಬಿಡುವುದಿಲ್ಲ.

ಅವನ ಮನೆಯ ಉತ್ತರದ ಕಡೆ ನನ್ನ ಅಡುಗೆಮನೆಯ ಕಿಟಕಿಗೆ ಎದುರು. ಒಂದೇ ಒಂದು ಹಲಗೆ, ಮಲಗುವ ಕೋಣೆಯ ಕೆಳಗಿನದು, ದಿನಾ ಬೆಳಿಗ್ಗೆ ಹೊರಕ್ಕೆ ಬಿದ್ದಿರುತ್ತಿತ್ತು. ಸಂಜೆ ಅವನು ಹಾಕುತ್ತಿದ್ದ, ಬೆಳಿಗ್ಗೆ ಅದು ಬೀಳುತ್ತಿತ್ತು.

ಗುರುವಾರ ನನಗೆ ತಡೆಯಲಾಗಲಿಲ್ಲ. ಮಾಂಸ, ಆಲೂಗಡ್ಡೆ ಬೇಯಿಸಿದ ಪಾತ್ರೆ ಹಿಡಿದು ಹೋದೆ. ಕಿತ್ತುಬಿದ್ದ ಹಲಗೆಯ ಮುಂದೆ ಮಂಡಿಯೂರಿ ಕೂತಿದ್ದ, ಗಡ್ಡ ಬಿಟ್ಟಿದ್ದ.

“ನಾಳೆ ಕರ್ಟಿಸ್ ಬರ್ತಾನೆ ಕಣೋ. ಏನಿದು ನಿನ್ನ ಅವತಾರ?”

“ಒಳಗಿಂದ ತಳ್ತಿದೆ, ಮಾರ್ಲಿಸ್.”

“ಏನು ತಳ್ತಿದೆ? ನಿನ್ನ ತಲೆ!” ಎಂದು ಬಗ್ಗಿ ನೋಡಿದೆ. ಒಂದು ಹಲಗೆಗೆ ಮೇಲೂ ಕೆಳಗೂ ಸೇರಿ ಹನ್ನೊಂದು ಸ್ಕ್ರೂ! ಸಂದು ಬಿಟ್ಟಿರಲೇ ಇಲ್ಲ. “ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ! ಊರಿಗೆಲ್ಲ ಸಂದು ಬಿಡಿ ಅಂದೋನು ನೀನೇ ತಾನೇ? ನೆಲ ಉಬ್ಬಿ ಒದೀತಿದೆ, ಅಷ್ಟೇ.”

“ಗೊತ್ತು ಕಣೆ,” ಎಂದ. “ಸಂದು ಬಿಟ್ರೆ ಗಾಳಿಗೆ ಅದು ಕೆರೆಯತ್ತೆ. ಏವಿಸ್ ಇದ್ದಾಗ ಟೀವಿ ಜೋರು ಮಾಡ್ತಿದ್ದೆ. ಈಗ ಒಬ್ನೇ ಕೇಳಿಸ್ಕೋಬೇಕು.”

ಹಲಗೆಯನ್ನು ತಿರುಗಿಸಿ ತೋರಿಸಿದ. ಒಳಮೈ ತುಂಬ ಗೀರು. ಕೆಳಗಿನ ಅಂಚಿನ ಹತ್ತಿರ ದಟ್ಟವಾಗಿ, ಮೇಲಕ್ಕೆ ಹೋದಂತೆ ವಿರಳವಾಗಿ. ಪಾತ್ರೆಯನ್ನು ನೆಲಕ್ಕಿಟ್ಟೆ.

ಟಿಲ್ಲಿ ಕಾಣೆಯಾದ ಆ ವರ್ಷ ಹಿಮಗಾಳಿ ಬರುತ್ತದೆಂದು ಅವಸರದಲ್ಲಿ ಹಲಗೆ ಮುಚ್ಚಿದನಂತೆ. ಒಳಗೆ ನೋಡಲಿಲ್ಲ. ಟಿಲ್ಲಿ ಎಲ್ಲಿ ಎಂದು ಏವಿಸ್ ಕೇಳಿದಾಗ, “ಕೆಳಗೆ ನೋಡ್ದೆ, ಇಲ್ಲ” ಎಂದುಬಿಟ್ಟ. ಮೂರು ದಿನ ಗಾಳಿ. ಮೊದಲ ದಿನ ಗಾಳಿಯದೇ ಸದ್ದು ಅಂದುಕೊಂಡ. ಎರಡನೇ ದಿನ ಅದು ಟಿಲ್ಲಿಯ ಉಗುರಿನದೆಂದು ಗೊತ್ತಾಯಿತು. ಆ ಚಳಿಯಲ್ಲಿ ಪ್ಲಾಸ್ಟಿಕ್ ಗಾಜಿನ ಹಾಗೆ, ತೆಗೆಯಹೋದರೆ ಪುಡಿಯಾಗುತ್ತದೆ, ಕೊಳವೆ ಹೆಪ್ಪುಗಟ್ಟುತ್ತದೆ, ಹೇಳಿದ ಸುಳ್ಳೂ ಬಯಲಾಗುತ್ತದೆ. ಮೂರನೇ ದಿನ ಮಧ್ಯಾಹ್ನ ಸದ್ದು ನಿಂತಿತು. ವಸಂತದಲ್ಲಿ ಗ್ಯಾಸ್ ಟ್ಯಾಂಕಿನ ಹಿಂದೆ ಅದನ್ನು ಹೂತ. ಏವಿಸ್ ಮಾತ್ರ ಸಾಯುವವರೆಗೂ ಮೆಟ್ಟಿಲ ಮೇಲೆ ಹಾಲಿನ ತಟ್ಟೆ ಇಡುತ್ತಿದ್ದಳು. ಪ್ರತಿದಿನ ಬೆಳಿಗ್ಗೆ ಯಾರೂ ಮುಟ್ಟದ ಆ ಹಾಲನ್ನು ಚೆಲ್ಲುತ್ತಿದ್ದವನು ಇವನೇ.

“ಉಳಿದ ಹಲಗೆ ಎಲ್ಲ ಬದಲಾಯಿಸಿದೆ,” ಎಂದ. “ಇದೊಂದನ್ನ ಎಸೆಯೋಕೆ ಕೈ ಬರಲಿಲ್ಲ.”

ಶುಕ್ರವಾರ ಬೆಳಿಗ್ಗೆ ಇಬ್ಬರೂ ಕೂತು ಸ್ಕ್ರೂ ಒಂದೊಂದಾಗಿ ಬಿಚ್ಚಿದೆವು. ಅದೇ ಹಲಗೆ. ಹೊಸದು ಹಾಕೋಣ ಎಂದೆ, ಬೇಡ ಎಂದ. ಮುಚ್ಚುವ ಮೊದಲು ಮಲಗಿ ತೊಲೆ ಬಡಿದ. “ಯಾರಾದ್ರೂ ಇದ್ದೀರಾ?” ಎಂದ. ನೂರು ಎಣಿಸಿದ, ನಾನೂ ಜೊತೆಗೆ ಎಣಿಸಿದೆ. ಎರಡು ಬೆರಳು ಸಂದು ಬಿಟ್ಟು ಕೂಡಿಸಿದ. ಗಾಳಿ ಬಂತು. ಹಲಗೆ ಕರಕರ ಎಂದಿತು. ಅವನು ಎರಡೂ ಕಿವಿ ಮುಚ್ಚಿಕೊಂಡ.

ಹನ್ನೊಂದು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕೂತವಳು ನಾನು. ಇನ್ನು ಆಗಲಿಲ್ಲ.

“ಎಲ್ರಾಯ್, ಅವತ್ತು ನಾನೂ ಕೇಳಿದ್ದೆ. ಮೂರು ದಿನವೂ. ಚಳಿ ಅಂತ, ನಂದಲ್ಲ ಅಂತ ರೇಡಿಯೊ ಹಾಕ್ಕೊಂಡು ಕೂತೆ.”

ಅವನು ಕಿವಿಯಿಂದ ಕೈ ತೆಗೆದ. ನನ್ನ ಮುಖ ನೋಡಲಿಲ್ಲ.

“ಗೊತ್ತು. ನಿನ್ನ ಕಿಟಕಿ ಪರದೆ ಸರೀತು, ನೋಡ್ದೆ. ನೀನು ಈಚೆಗೆ ಬಂದು ಒಂದು ಮಾತು ಕೇಳಿದ್ರೆ ಹಲಗೆ ಒಡೆದೇಬಿಡೋಣ ಅಂತ ಕಾಯ್ತಾ ಇದ್ದೆ.”

ನಾನು ನೆಲದಲ್ಲಿ ಬಿದ್ದಿದ್ದ ಸ್ಕ್ರೂ ಒಂದೊಂದೇ ಆರಿಸಿ ಅವನ ಪಕ್ಕ ಇಟ್ಟೆ.

ಮಧ್ಯಾಹ್ನ ಕರ್ಟಿಸ್ ಬಂದ, ಹಲಗೆಯನ್ನು ಬೂಟಿನಿಂದ ಮೆಲ್ಲಗೆ ತಟ್ಟಿ ನೋಡಿ, ಚೀಟಿ ಹರಿದುಕೊಂಡು ಹೋದ. ಎಲ್ರಾಯ್‌ನ ಮನೆ ಉಳಿಯಿತು. ಹಲಗೆಯೂ ಬೀಳಲಿಲ್ಲ. ಗಾಳಿ ಎದ್ದಾಗಲೆಲ್ಲ ಕೆರೆಯುತ್ತದೆ. ನಾನು ರೇಡಿಯೊ ಆರಿಸಿ, ಪರದೆ ಪೂರ್ತಿ ಸರಿಸುತ್ತೇನೆ. ಎದುರಿನ ಕಿಟಕಿಯಲ್ಲಿ ಅವನೂ ನಿಂತಿರುತ್ತಾನೆ.