ಸೀಸೆ ಹೊತ್ತು ತರುತ್ತಿದ್ದ ಕಲಾಯಿ ಸಾಬರು

ನಮ್ಮ ಬೀದಿಯ ನಜೀರ್ ಸಾಬರು ಕಲಾಯಿ ಹಾಕಿದ ಪಾತ್ರೆ ವರ್ಷವಾದರೂ ಹೊಳಪು ಬಿಡುತ್ತಿರಲಿಲ್ಲ. ಸಾವಿರದ ಒಂಬೈನೂರ ಐವತ್ತೆಂಟರ ಸುಮಾರಿನಲ್ಲಿ ಅವರು ಸೈಕಲ್ಲಿಗೆ ತಿದಿ, ತವರ ಕಟ್ಟಿಕೊಂಡು ಶಿಕಾರಿಪುರದಿಂದ ಸೊರಬದವರೆಗೆ ಹಳ್ಳಿ ಸುತ್ತುತ್ತಿದ್ದರು. ವಾಪಸು ಬರುವಾಗ ಹ್ಯಾಂಡಲ್ಲಿನಲ್ಲಿ ಖಾಲಿ ಸೀಸೆಗಳು ನೇತಾಡುತ್ತಿದ್ದವು. ಆ ಹಳ್ಳಿಗಳಿಗೆ ಡಾಕ್ಟರಿಲ್ಲ, ಬಸ್ಸಿಲ್ಲ. ಕಾಯಿಲೆಯವರು ಮನೆಯಲ್ಲೇ ಮಲಗಿರುತ್ತಿದ್ದರು, ಸೀಸೆ ಮಾತ್ರ ಪೇಟೆಯ ಆಸ್ಪತ್ರೆಗೆ ಬರುತ್ತಿತ್ತು. ಯಾರಿಗೆ ಏನಾಗಿದೆ ಎಂದು ಸಾಬರು ಹೇಳಬೇಕು, ಕಾಂಪೌಂಡರ್ ಔಷಧಿ ತುಂಬಬೇಕು. ಇದೂ ಒಂದು ವೈದ್ಯವೇ ಎಂದು ನಾನು ರೇಗುತ್ತಿದ್ದೆ.

"ಮತ್ತೇನ್ ಮಾಡ್ಲಿ ಹೇಳ್ರಿ? ಕೈ ಹಿಡ್ಕೊಂಡು ಕೇಳ್ತಾರೆ" ಎನ್ನುತ್ತಿದ್ದರು ಸಾಬರು.

ಬಂದಳಿಕೆ ಕಡೆಯ ಹಳ್ಳಿಯೊಂದರಲ್ಲಿ ಉಚ್ಚಂಗಮ್ಮನ ಸೊಸೆ ಜಗದಾಂಬಳಿಗೆ ಹೆತ್ತ ಆರನೆಯ ದಿನ ಜ್ವರ ಬಂತು. ಬಾಣಂತಿಯ ವಿಷಯ ಪರಗಂಡಸಿನ ಹತ್ತಿರ ಬಿಡಿಸಿ ಹೇಳುವುದುಂಟೇ? "ಸೊಸೀಗೆ ಜ್ವರ ಸಾಬ್ರೆ" ಎಂದಷ್ಟೇ ಹೇಳಿ ಉಚ್ಚಂಗಮ್ಮ ಸೀಸೆ ಕೊಟ್ಟಳು. ಒಳಗೆ ಎಳೆಕೂಸು ಅಳುವುದು ಸಾಬರಿಗೂ ಕೇಳಿಸಿತ್ತು. ಆದರೆ ಬೇರೆ ಮನೆಯ ಹೆಣ್ಣಿನ ಹೆರಿಗೆಯ ಮಾತನ್ನು ಆಸ್ಪತ್ರೆಯಲ್ಲಿ ಹತ್ತು ಜನರೆದುರು ಆಡಲು ಅವರಿಗೆ ನಾಲಿಗೆ ಏಳಲಿಲ್ಲ. "ಹೆಂಗಸು, ಚಳಿಜ್ವರ" ಎಂದರು. ಆಗ ಮಲೇರಿಯಾ ಎಲ್ಲರಿಗೂ ಗೊತ್ತಿದ್ದ ಕಾಯಿಲೆ. ಸೀಸೆಗೆ ಅದರ ಔಷಧಿಯೇ ಬಿತ್ತು.

ನಾಲ್ಕು ದಿನ ಬಿಟ್ಟು ಸೀಸೆ ಮತ್ತೆ ಬಂತು. ಜ್ವರ ಇಳಿದಿರಲಿಲ್ಲ. ಕೂಸು ಅತ್ತ ವಿಷಯ ಸಾಬರ ಬಾಯಿಂದ ಕೇಳಿ ಹೆಂಡತಿ ಅಮೀನಾಬಿ ವಿಚಾರಿಸಿದಳು. "ಬಾಣಂತಿ ಅಂತ ಹೇಳಿದ್ರಾ?"

ಸಾಬರು ಸೀಸೆ ಕೆಳಗಿಟ್ಟು ತಲೆ ತಗ್ಗಿಸಿದರು.

"ನಿಮ್ಮ ನಾಚಿಕೆಗಿಷ್ಟು ಬೆಂಕಿ ಹಾಕ! ನನ್ನ ಮೂರೂ ಹೆರಿಗೆ ಆಸ್ಪತ್ರೇಲೇ ಆಗ್ಲಿಲ್ವಾ? ಓಡ್ರಿ!"

ವಿಷಯ ಕೇಳಿ ಡಾಕ್ಟರು ಕುರ್ಚಿಯಿಂದ ಎದ್ದರು. "ಇದು ಸೀಸೆ ಔಷಧಿಗೆ ಬಗ್ಗೋ ಜ್ವರ ಅಲ್ಲ. ಈಗಿಂದೀಗ್ಲೇ ಕರ್ಕೊಂಡು ಬರ್ರಿ."

ಸಾಬರು ಇಪ್ಪತ್ತು ಮೈಲಿ ಸೈಕಲ್ ತುಳಿದರು. ಬಾಣಂತಿಗೆ ಗಾಳಿ ಸೋಕಬಾರದೆಂದು ಉಚ್ಚಂಗಮ್ಮ ಹಟ ಹಿಡಿದಳು. ಜಗದಾಂಬ ಬಡಬಡಿಸತೊಡಗಿದ ಮೇಲೆ ಗಂಡ ಗುತ್ಯಪ್ಪ ತಾಯಿಯ ಮಾತು ಮೀರಿ ಗಾಡಿ ಕಟ್ಟಿದ. ಎಷ್ಟು ಹೊಡೆದರೂ ಎತ್ತುಗಳು ನಡೆದಷ್ಟೇ ನಡೆಯುತ್ತವೆ. ದಾರಿಯುದ್ದಕ್ಕೂ ಅವಳು ನೀರು ಕೇಳುತ್ತಿದ್ದಳು. ಪೇಟೆ ಇನ್ನೆರಡು ಮೈಲಿ ಇರುವಾಗ ಕೇಳುವುದನ್ನು ನಿಲ್ಲಿಸಿದಳು.

ಆಸ್ಪತ್ರೆಯ ಮುಂದೆ ಡಾಕ್ಟರು ಗಾಡಿಯಲ್ಲೇ ನಾಡಿ ನೋಡಿ ಕೈ ಬಿಟ್ಟರು. "ಮೊದಲನೇ ದಿನವೇ ಬಾಣಂತಿ ಅಂತ ಗೊತ್ತಾಗಿದ್ರೆ..."

ಉಚ್ಚಂಗಮ್ಮ ಕೂಸನ್ನು ಅವುಚಿಕೊಂಡು ಸಾಬರ ಕಡೆ ತಿರುಗಿದಳು. "ನಾವು ಹಳ್ಳಿ ಮುಕ್ಕರು, ನಮಗೇನ್ ತಿಳೀತದೆ? ನೀವು ಆಸ್ಪತ್ರೆ ಕಂಡೋರು. ಒಂದ್ ಮಾತು ಹೇಳ್ಬಾರ್ದಿತ್ತಾ ಸಾಬ್ರೆ?"

ಸಾಬರು ಗಾಡಿಯ ಚಕ್ರಕ್ಕೆ ಒರಗಿ ಕುಳಿತುಬಿಟ್ಟರು. ನಾನೂ ಅಲ್ಲೇ ಇದ್ದೆ. ಸಿಟ್ಟಿನಲ್ಲಿ ಯಾರನ್ನು ಬೈಯಬೇಕೆಂದೇ ತಿಳಿಯಲಿಲ್ಲ. ಅಷ್ಟರಲ್ಲಿ ಕೂಸು ಹಾಲಿಗೆ ಅಳತೊಡಗಿತು.